ಜಾಮೀನಿಗೆ ಅರ್ಹರು

ತಾಪತ್ರಯ ಶುರುವಾದದ್ದು ಒಂದು ಮೊಳೆಯಿಂದ.

ಬೆಳಗ್ಗೆ ಅವನು ಮುಖ ಒರೆಸಿಕೊಳ್ಳುತ್ತಾ ಬಚ್ಚಲಿನಿಂದ ಹೊರಬಂದಾಗ ಹೆಂಡತಿ ಸ್ಟೂಲಿನ ಮೇಲೆ ನಿಂತು ನಡುಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಹೊಚ್ಚಹೊಸ ಫ್ರೇಮು ಕೂತಿತ್ತು. ಗಾಜು ಇತ್ತು, ಅಂಚಿಗೆ ಬಂಗಾರದ ಬಣ್ಣ ಇತ್ತು, ಒಳಗೆ ಮಾತ್ರ ಏನೂ ಇರಲಿಲ್ಲ.

"ಯಾರ ಫೋಟೋನೇ ಇದಕ್ಕೆ?" ಎಂದು ಗಾಬರಿಯಿಂದ ಕೇಳಿದ.

"ಫೋಟೋ ಅಲ್ಲ ರೀ. ಸಂಜೆ ನೀವು ತರೋ, ಸಾಲ ತೀರಿತು ಅನ್ನೋ ನೋ ಡ್ಯೂ ಸರ್ಟಿಫಿಕೇಟ್ ಹಾಕೋದಕ್ಕೆ. ಅದನ್ನ ತರದೆ ಬರಿಗೈಲಿ ಬಂದ್ರೆ ನಿಮ್ಮ ಫೋಟೋನೇ ಹಾಕಿ ನೇತುಹಾಕ್ತೀನಿ, ನೋಡ್ತಾ ಇರಿ."

ಅವಳು ತಮಾಷೆ ಮಾಡುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಕೈಯಲ್ಲಿ ಸುತ್ತಿಗೆ ಇದ್ದದ್ದರಿಂದ ಅವನು ಕೇಳಲೂ ಹೋಗಲಿಲ್ಲ.

ಇವನಿಗೆ ಬೀದಿಯಲ್ಲೂ ಕೆಲಸದ ಜಾಗದಲ್ಲೂ 'ಆಗ್ಲಿ' ಎಂದೇ ಹೆಸರು. ಯಾರು ಏನು ಕೇಳಿದರೂ ಬಾಯಿಂದ ಬರುವುದು ಅದೊಂದೇ ಮಾತು. ಏಣಿ ಕೊಡ್ತೀರಾ? ಆಗ್ಲಿ. ಭಾನುವಾರ ನನ್ನ ಬದಲು ಡ್ಯೂಟಿಗೆ ಬರ್ತೀರಾ? ಆಗ್ಲಿ. ಆರು ವರ್ಷದ ಹಿಂದೆ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ, ಪೊದೆಯಂಥ ಮೀಸೆ ಬಿಟ್ಟಿದ್ದಕ್ಕೆ ಎಲ್ಲರೂ 'ಮೀಸೆ' ಎಂದೇ ಕರೆಯುತ್ತಿದ್ದವನು, ಬಂದು, "ಸೊಸೈಟಿಲಿ ದೊಡ್ಡ ಸಾಲ ತೆಗೀತಿದ್ದೀನಿ, ಒಂದು ಜಾಮೀನು ಸಹಿ ಹಾಕ್ತೀಯಾ?" ಅಂದ. ಇವನು ಆಗ್ಲಿ ಅಂದ. ಮೀಸೆ ಸಾಲ ತೆಗೆದುಕೊಂಡ, ಒಂದೆರಡು ಕಂತು ಕಟ್ಟಿದ, ಮೂರನೆಯ ತಿಂಗಳು ಮೀಸೆ ಸಮೇತ ನಾಪತ್ತೆಯಾದ. ನೌಕರರ ಸೊಸೈಟಿಯವರು ಅಷ್ಟೂ ಸಾಲವನ್ನು ಎತ್ತಿ ನಮ್ಮ ಆಗ್ಲಿಯ ತಲೆಯ ಮೇಲೆ ಕೂರಿಸಿದರು.

ಆರು ವರ್ಷ ಮನೆಯಲ್ಲಿ ಹೊಸದು ಅನ್ನುವುದೇ ಬರಲಿಲ್ಲ. ಹೆಂಡತಿಯ ಚಪ್ಪಲಿಯ ಉಂಗುಷ್ಟ ಹೊಲಿಸಿ ಹೊಲಿಸಿ ಈಗ ಚಪ್ಪಲಿಗಿಂತ ದಾರವೇ ಜಾಸ್ತಿ ಇತ್ತು. ಮಗಳು ಪ್ರತಿ ವರ್ಷ ಶಾಲೆಯ ಪ್ರವಾಸದ ದಿನ "ನಂಗೆ ಬಸ್ಸಲ್ಲಿ ವಾಂತಿ ಬರುತ್ತಪ್ಪ" ಎಂದು ತಾನಾಗಿಯೇ ಮನೆಯಲ್ಲಿ ಉಳಿಯುತ್ತಿದ್ದಳು. ಅವಳಿಗೆ ಯಾವ ವಾಂತಿಯೂ ಬರುವುದಿಲ್ಲ ಎಂಬುದು ಅಪ್ಪನಿಗೂ ಗೊತ್ತಿತ್ತು.

ಇವತ್ತು ಕೊನೆಯ ಕಂತು.

"ಇಲ್ಲಿ ಕೇಳಿ," ಎಂದಳು ಹೆಂಡತಿ ಸ್ಟೂಲಿನಿಂದ ಇಳಿದು. "ಇವತ್ತಿನಿಂದ ಯಾರಿಗೂ ಸಹಿ ಹಾಕಕೂಡದು. ಯಾರು ಅತ್ತರೂ ಸರಿ, ಕಾಲಿಗೆ ಬಿದ್ದರೂ ಸರಿ. ನನ್ನ ತಮ್ಮನೇ ಬಂದು ಕೇಳಿದ್ರೂ ಇಲ್ಲ ಅನ್ನಿ. ನನಗೆ ಸಾಕಾಗಿಹೋಗಿದೆ ರೀ."

ಕೊನೆಯ ಮಾತಿಗೆ ಅವಳ ದನಿ ನಡುಗಿತು. ಅವನು "ಆಗ್ಲಿ," ಅಂದ. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಸರಿಯಾದ ಜಾಗದಲ್ಲಿ ಆಡಿದ್ದ.

ಅವನು ಕೆಲಸ ಮಾಡುತ್ತಿದ್ದದ್ದು ನೀರಿನ ಮೀಟರು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ. ಮನೆಮನೆಯಿಂದ ಕೆಟ್ಟು ಬಂದ ಹಿತ್ತಾಳೆ ಮೀಟರುಗಳನ್ನು ಬಿಚ್ಚಿ, ಕಿಲುಬು ಉಜ್ಜಿ, ಒಡೆದ ಗಾಜು ಬದಲಾಯಿಸಿ, ನೀರು ಹಾಯಿಸಿ ನೋಡಿ, ಸೀಲು ಹಾಕಿ ಕಳಿಸುವ ಕೆಲಸ. ಸೊಸೈಟಿಯ ಕೋಣೆ ಅದೇ ಕಟ್ಟಡದ ಮೂಲೆಯಲ್ಲಿತ್ತು. ಬೆಳಗ್ಗೆ ಹೋದವನೇ ಕೊನೆಯ ಕಂತು ಕಟ್ಟಿದ. ಸೊಸೈಟಿಯ ಗುಮಾಸ್ತ ರಸೀದಿ ಹರಿದು ಕೊಟ್ಟು, "ಅಂತೂ ಮುಗೀತಲ್ಲಪ್ಪ! ಸರ್ಟಿಫಿಕೇಟಿಗೆ ಸೆಕ್ರೆಟರಿ ಸಹಿ ಬೇಕು, ಅವರು ಬರೋದು ಸಂಜೆ ಐದಕ್ಕೆ. ಅಷ್ಟರೊಳಗೆ ಯಾರಿಗಾದ್ರೂ ಜಾಮೀನು ನಿಂತ್ಯೋ, ಸರ್ಟಿಫಿಕೇಟ್ ಇಲ್ಲ," ಅಂದ.

"ನಾನ್ಯಾಕೆ ನಿಲ್ಲಲಿ?"

ಗುಮಾಸ್ತ ಎದ್ದು ಹೊರಗೆ ಹೋಗಿ, ಬಾಗಿಲ ಪಕ್ಕದ ಕಪ್ಪು ಹಲಗೆಯನ್ನು ಒರೆಸಿ, ಸೀಮೆಸುಣ್ಣದಲ್ಲಿ ಏನೋ ಬರೆದು ಬಂದ.

ಆ ಹಲಗೆಯದೊಂದು ಪದ್ಧತಿ ಇತ್ತು. ಸೊಸೈಟಿಯಲ್ಲಿ ಸಾಲ ಬೇಕಾದವನು ಇನ್ನೊಬ್ಬ ಸದಸ್ಯನ ಜಾಮೀನು ತರಬೇಕು. ಸ್ವಂತ ಸಾಲ ಇದ್ದವನು ಜಾಮೀನು ನಿಲ್ಲುವ ಹಾಗಿಲ್ಲ, ಆಗಲೇ ಒಬ್ಬರಿಗೆ ನಿಂತವನೂ ನಿಲ್ಲುವ ಹಾಗಿಲ್ಲ. ಎರಡೂ ಇಲ್ಲದ ಪುಣ್ಯಾತ್ಮರ ಹೆಸರನ್ನು 'ಜಾಮೀನಿಗೆ ಅರ್ಹರು' ಎಂಬ ತಲೆಬರಹದ ಕೆಳಗೆ ಬರೆಯುತ್ತಿದ್ದರು. ವರ್ಕ್‌ಶಾಪಿನಲ್ಲಿ ಸಾಲ ಇಲ್ಲದ ಒಂದು ಪ್ರಾಣಿಯೂ ಇರಲಿಲ್ಲವಾದ್ದರಿಂದ ಹಲಗೆ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಇವತ್ತು ಅದರ ಮೇಲೆ ದಪ್ಪಕ್ಷರದಲ್ಲಿ ಒಂದೇ ಒಂದು ಹೆಸರು. ನಮ್ಮ ಆಗ್ಲಿಯದು.

ಅವನು ತನ್ನ ಬೆಂಚಿಗೆ ಹೋಗಿ ಒಂದು ಮೀಟರು ಬಿಚ್ಚುವಷ್ಟರಲ್ಲಿ ಫೋರ್‌ಮನ್ ಕರೆ ಕಳಿಸಿದ. ಹೋದರೆ ಮೇಜಿನ ಮೇಲೆ ಎರಡು ಲೋಟ ಚಹಾ. ಫೋರ್‌ಮನ್ ಇಷ್ಟು ವರ್ಷದಲ್ಲಿ ಅವನಿಗೆ ಬೈಗುಳ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

"ಬಾರಪ್ಪಾ, ಕೂತ್ಕೋ. ಕುರ್ಚಿ ಮೇಲೆ ಕೂತ್ಕೋ. ಸಕ್ಕರೆ ಸಾಕಾ? ಏನಿಲ್ಲ, ಮನೆ ಮೇಲೊಂದು ರೂಮು ಕಟ್ಟಿಸ್ತಿದ್ದೀನಿ. ಚೂರು ಸಾಲ. ನಿನ್ನದೊಂದು ಸಹಿ ಬಿದ್ರೆ..."

ಫಾರಂ ಲೋಟದ ಕೆಳಗಿಂದ ಜಾರಿ ಬಂತು. ಆಗ್ಲಿಯ ನಾಲಗೆಯ ತುದಿಗೆ 'ಆ' ಬಂದೇಬಿಟ್ಟಿತ್ತು. ಆ ಕ್ಷಣ ಕಣ್ಣಮುಂದೆ ಹೆಂಡತಿಯ ಕೈಯ ಸುತ್ತಿಗೆ ಕಾಣಿಸಿತು. "ಆ... ಆ... ಆಮೇಲೆ ಬರ್ತೀನಿ ಸಾರ್, ನಲ್ಲಿ ಬಿಟ್ಟು ಬಂದಿದ್ದೀನಿ!" ಎಂದು ಚಹಾ ಮುಟ್ಟದೆ ಓಡಿದ.

ಇಲ್ಲ ಅನ್ನುವುದು ತನ್ನಿಂದಾಗದ ಕೆಲಸ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಕೈಕೊಡುತ್ತೆ ಅಂದಮೇಲೆ ಕೈಯನ್ನೇ ಕಟ್ಟಿಹಾಕಬೇಕು. ಪ್ರಥಮ ಚಿಕಿತ್ಸೆಯ ಡಬ್ಬದಿಂದ ಬಟ್ಟೆ ತೆಗೆದು ಬಲಗೈಗೆ ಬೆರಳು ಕಾಣದ ಹಾಗೆ ಸುತ್ತಿಕೊಂಡ. ಮೀಟರಿನ ಗಾಜು ಕುಯ್ದುಬಿಟ್ಟಿತು ಎಂದು ಎಲ್ಲರಿಗೂ ಕೇಳುವಂತೆ ನಾಲ್ಕು ಸಲ ನರಳಿದ.

ನರಳಾಟ ಕೇಳಿ ಸ್ಟೋರ್ ಅಕ್ಕ ಬಂದಳು. ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವ ಈ ಹೆಂಗಸು ಒಂದು ವಾಷರ್ ಕೇಳಿದರೆ ಮೂರು ದಿನ ಅಲೆಸುವವಳು. ಇವತ್ತು ಕಣ್ಣಲ್ಲಿ ನೀರು ತಂದುಕೊಂಡು, "ಅಯ್ಯೋ ನನ್ನಪ್ಪಾ, ಬಲಗೈಯೇ ಹೋಯ್ತಾ!" ಅಂದಳು. ಆಮೇಲೆ ದನಿ ತಗ್ಗಿಸಿ, "ಯೋಚನೆ ಮಾಡ್ಬೇಡ. ಸೊಸೈಟಿಲಿ ವಿಚಾರಿಸ್ಕೊಂಡೇ ಬಂದೆ. ಎಡಗೈ ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತಂತೆ. ನನ್ನ ಮಗನ ಅಂಗಡಿಗೆ ಸಾಲ ಕಣಪ್ಪಾ," ಎಂದು ಸೆರಗಿನ ಮರೆಯಿಂದ ಶಾಯಿ ಪ್ಯಾಡು ತೆಗೆದಳು.

"ಅಕ್ಕಾ, ಬಚ್ಚಲಿಗೆ ಹೋಗಿ ಬಂದೆ," ಎಂದು ತಪ್ಪಿಸಿಕೊಂಡ. ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ಹಲ್ಲಲ್ಲಿ ಬಟ್ಟೆ ಕಚ್ಚಿ ಎಳೆದು, ಎಡಗೈಯನ್ನೂ ಸುತ್ತಿದ. ಹೊರಗೆ ಬಂದಾಗ ಎರಡು ಕೈಯೂ ಹೂಕೋಸಿನ ಗಾತ್ರಕ್ಕಿದ್ದವು. ಚಿಲಕ ತೆಗೆಯುವುದಕ್ಕೇ ಮೊಣಕೈ ಉಪಯೋಗಿಸಬೇಕಾಯಿತು.

ಆದರೆ ಊಟದ ಹೊತ್ತು ಬರುತ್ತದೆ ಎಂಬುದನ್ನು ಅವನು ಯೋಚಿಸಿರಲಿಲ್ಲ.

ಡಬ್ಬಿ ಮುಂದಿಟ್ಟುಕೊಂಡು, ತೆಗೆಯಲಾಗದೆ ಅದನ್ನೇ ನೋಡುತ್ತಾ ಕೂತಿದ್ದಾಗ ಸ್ಟೋರ್ ಅಕ್ಕ ಎದುರು ಬಂದು ಕೂತಳು. ಡಬ್ಬಿ ತೆಗೆದಳು. ಚಮಚ ಎತ್ತಿದಳು. "ಬಾಯಿ ತೆಗಿ," ಅಂದಳು. ಅವನು ಬೇಡ ಅನ್ನಲು ಬಾಯಿ ತೆಗೆದ, ಅನ್ನ ಒಳಗೆ ಹೋಯಿತು. ಒಂದು ತುತ್ತಿಗೆ ಅವಳ ಮಗನ ಅಂಗಡಿಯ ಬಾಡಿಗೆ, ಇನ್ನೊಂದಕ್ಕೆ ಸೊಸೆಯ ಕಣ್ಣೀರು, ಮತ್ತೊಂದಕ್ಕೆ ಅವಳದೇ ಮಂಡಿನೋವು. ಆ ಕಡೆಯಿಂದ ಫೋರ್‌ಮನ್ ಕುರ್ಚಿ ಎಳೆದುಕೊಂಡು ಬಂದು, "ಏನಮ್ಮಾ ಇದು, ಮೊದಲು ಕೇಳಿದ್ದು ನಾನು," ಎಂದ.

"ಊಟ ಮಾಡಿಸ್ತಿರೋದು ನಾನು."

"ಊಟ ಮಾಡಿಸಿದ್ರೆ ಜಾಮೀನು ನಿನ್ನದಾಗುತ್ತಾ? ಇವನಿಗೆ ರಜ ಕೊಡೋನು ನಾನು!"

ಇಬ್ಬರೂ ಒಬ್ಬರ ಮೇಲೊಬ್ಬರು ಎಗರಾಡುವಾಗ ಆಗ್ಲಿ, ಬಾಯಲ್ಲಿದ್ದ ತುತ್ತು ಬಾಯಲ್ಲೇ ಇರುವಂತೆ, ಮೇಜಿನ ಕೆಳಗಿನಿಂದ ತೆವಳಿ ಹೊರಬಿದ್ದ. ಡಬ್ಬಿಯನ್ನು ಮಾತ್ರ ಕಂಕುಳಲ್ಲಿ ಅವುಚಿಕೊಂಡಿದ್ದ. ಇವರಲ್ಲಿ ಒಬ್ಬರು ಇನ್ನೊಂದು ಸಲ ಮೆತ್ತಗೆ ಕೇಳಿದರೂ ತಾನು ಮುಗಿದೆ, ಆರು ವರ್ಷ ನೀರಿನಲ್ಲಿ ಹೋಮ, ಎಂದುಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ಮುದುರಿ ಕೂತ.

ಅಲ್ಲೂ ನೆಮ್ಮದಿ ಇರಲಿಲ್ಲ. ಕೆಳಗಿನಿಂದ ಗೇಟಿನವನು ಕೂಗಿದ. ಈ ಗೇಟಿನವನು ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ.

"ಸಾರ್! ಟ್ಯಾಂಕಿನ ಹಿಂದೆ ನಿಮ್ಮ ಕೈ ಕಾಣ್ತಿದೆ! ಗೇಟಲ್ಲಿ ಒಬ್ರು ಆವಾಗಿಂದ ಕಾಯ್ತಿದ್ದಾರೆ. ನಿಮ್ಮ ಸಹಿ ಬೇಕಂತೆ!"

"ಯಾರು?"

"ಹೆಸರು ಕೇಳಿದ್ರೆ ಹೇಳಲ್ಲ. ಸಹಿ ಹಾಕಿಸ್ಕೊಳ್ಳದೆ ಇಲ್ಲಿಂದ ಕದಲಲ್ಲ ಅಂತಿದ್ದಾರೆ!"

ಆಗ್ಲಿ ಟ್ಯಾಂಕಿನ ಪಕ್ಕದಿಂದ ಕತ್ತು ಚಾಚಿ ನೋಡಿದ. ಗೇಟಿನ ಹತ್ತಿರ ನುಣ್ಣನೆ ಬೋಳುತಲೆಯ, ನುಣ್ಣನೆ ಕೆನ್ನೆಯ ಒಬ್ಬ ಮನುಷ್ಯ, ಎದೆಗೆ ಚರ್ಮದ ಚೀಲ ಅವುಚಿಕೊಂಡು ಬಿಸಿಲಲ್ಲಿ ನಿಂತಿದ್ದ. ಆಗ್ಲಿಗೆ ಅಳು ಬರುವಂತಾಯಿತು. ಒಳಗಿನವರು ಸಾಲದು ಅಂತ ಹೊರಗಿನಿಂದಲೂ ಬರೋಕೆ ಶುರುವಾಯ್ತೇ? ಬೇರೆ ಶಾಖೆಯವನಿರಬೇಕು. ಹಲಗೆ ಸುದ್ದಿ ಅಲ್ಲಿಗೂ ಮುಟ್ಟಿತೇ?

"ಭಾವಾ, ಇಲ್ಲಿದ್ದೀರಾ!"

ಬೆನ್ನ ಹಿಂದೆ ಹೆಂಡತಿಯ ತಮ್ಮ. ಅದೇ ಇಲಾಖೆಯ ನೀರಿನ ಟ್ಯಾಂಕರ್ ಓಡಿಸುವ ಹುಡುಗಾಟದ ಆಸಾಮಿ. ಕೈಯಲ್ಲಿ ಫಾರಂ. "ಟೈರ್ ಅಂಗಡಿಯವರು ಅವರ ಮೋಟರ್ ಬೈಕ್ ಮಾರ್ತಿದ್ದಾರೆ ಭಾವ. ಸೆಕೆಂಡ್ ಹ್ಯಾಂಡ್ ಆದ್ರೂ ಬೆಣ್ಣೆ ಥರ ಓಡುತ್ತೆ. ನೀವು ಹೂಂ ಅಂದ್ರೆ ಇವತ್ತೇ..."

"ನಿಮ್ಮಕ್ಕ ನಿನಗೂ ಹಾಕಕೂಡದು ಅಂದಿದ್ದಾಳೆ ಕಣೋ."

"ಅಕ್ಕಂಗೆ ಯಾರು ಹೇಳ್ತಾರೆ?"

ಕೆಳಗಿನಿಂದ ಗೇಟಿನವನು ಮತ್ತೆ ಕೂಗಿದ. ಆಗ್ಲಿಗೆ ಆಗ ಒಂದು ಉಪಾಯ ಹೊಳೆಯಿತು. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ಒಂದು ಪೀಡೆಯನ್ನು ಇನ್ನೊಂದರ ಮೇಲೆ ಬಿಟ್ಟರೆ ಎರಡೂ ತೊಲಗುತ್ತವಲ್ಲ!

"ನೋಡು, ಅಲ್ಲಿ ನಿಂತಿದ್ದಾನಲ್ಲ ಬೋಳುತಲೆ, ಅವನನ್ನ ಮೊದಲು ಸಾಗಹಾಕು. ಏನು ಸಹಿ ಬೇಕಂತಾನೋ ನನ್ನ ಹೆಸರಲ್ಲಿ ನೀನೇ ಹಾಕು. ಏನು ಕೊಡ್ತಾನೋ ಏನು ಕೇಳ್ತಾನೋ ಎಲ್ಲಾ ನೀನೇ ನೋಡ್ಕೋ. ನನ್ನ ತನಕ ಬರಕೂಡದು. ಆಮೇಲೆ ನಿನ್ನ ವಿಷಯ."

"ನಾನು ಹಾಕಿದ್ರೆ ಅವರು ಒಪ್ಪಬೇಕಲ್ಲ?"

ಆಗ್ಲಿ ತಾರಸಿಯ ಅಂಚಿಗೆ ಬಂದು, ಎರಡು ಹೂಕೋಸುಗಳನ್ನೂ ಮೇಲೆತ್ತಿ ಆಡಿಸುತ್ತಾ ಕೂಗಿದ: "ಸ್ವಾಮೀ! ಇವನು ನನ್ನ ಭಾಮೈದ! ಇವನ ಕೈಗೆ ಕೊಟ್ರೆ ನನಗೆ ಕೊಟ್ಟ ಹಾಗೆ! ಇವನ ಸಹಿಯೇ ನನ್ನ ಸಹಿ! ನನ್ನನ್ನ ಬಿಟ್ಬಿಡಿ!"

ಬೋಳುತಲೆಯವನು ತಲೆ ಎತ್ತಿ ನೋಡಿದ. ಬಟ್ಟೆ ಸುತ್ತಿದ ಆ ಕೈಗಳನ್ನು ನೋಡಿ ಏನನ್ನಿಸಿತೋ, ಎದೆಗೆ ಅಂಗೈ ಒತ್ತಿಕೊಂಡು ತಲೆ ತಗ್ಗಿಸಿದ. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಎಂಥ ಗಟ್ಟಿಪಿಂಡವಪ್ಪಾ, ದೂರದಿಂದಲೇ ಅತ್ತು ಕರಗಿಸಲು ನೋಡುತ್ತಾನೆ ಎಂದುಕೊಂಡು ಆಗ್ಲಿ ಮತ್ತೆ ಟ್ಯಾಂಕಿನ ಮರೆ ಸೇರಿದ. ಸ್ವಲ್ಪ ಹೊತ್ತಿನ ಮೇಲೆ ಇಣುಕಿದರೆ ಗೇಟಿನಲ್ಲಿ ಬೋಳುತಲೆಯೂ ಇರಲಿಲ್ಲ, ಭಾಮೈದನೂ ಇರಲಿಲ್ಲ. ಅವನಿಗೆ ಹೋದ ಜೀವ ಬಂದ ಹಾಗಾಯಿತು.

ಐದು ಗಂಟೆಗೆ ಕಳ್ಳ ಹೆಜ್ಜೆ ಹಾಕುತ್ತಾ ಸೊಸೈಟಿಗೆ ಹೋದ. ಬಾಗಿಲ ಎಡಕ್ಕೆ ಫೋರ್‌ಮನ್, ಬಲಕ್ಕೆ ಸ್ಟೋರ್ ಅಕ್ಕ. ಇಬ್ಬರ ಕೈಯಲ್ಲೂ ಫಾರಂ. ಅವರ ನಡುವೆ ನುಸುಳಿ ಒಳಗೆ ಹೋದ, ಇಬ್ಬರೂ ಹಿಂದೆಯೇ ಬಂದರು. ಸೆಕ್ರೆಟರಿ ಆಗಲೇ ಸಹಿ ಹಾಕಿ ಹೋಗಿದ್ದ. ಮೇಜಿನ ಮೇಲೆ ಸರ್ಟಿಫಿಕೇಟು ಇತ್ತು. ಕೆಂಪು ಮೊಹರು, ಕೆಳಗೆ ತಾರೀಕು. ಸಾಲ ಇಲ್ಲ, ಜಾಮೀನು ಇಲ್ಲ. ಆಗ್ಲಿಗೆ ಕಣ್ಣು ಮಂಜಾಯಿತು. ಮಗಳನ್ನು ಈ ಸಲ ಬಸ್ ಹತ್ತಿಸಿ ಕೈ ಬೀಸುವುದನ್ನು ಅವನು ಅಲ್ಲೇ ಕಂಡ.

"ತಗೋ," ಅಂದ ಗುಮಾಸ್ತ. "ತಗೊಂಡಿದ್ದಕ್ಕೆ ಇಲ್ಲೊಂದು ಸಹಿ ಹಾಕು."

ಆಗ್ಲಿ ತನ್ನ ಎರಡು ಹೂಕೋಸುಗಳನ್ನೂ ನೋಡಿಕೊಂಡ.

"ಹೆಬ್ಬೆಟ್ಟು...?" ಎಂದು ತೊದಲಿದ.

"ಸರ್ಟಿಫಿಕೇಟಿಗೆ ಹೆಬ್ಬೆಟ್ಟು ನಡೆಯಲ್ಲ. ಸಹಿಯೇ ಬೇಕು."

ಆಗ್ಲಿ ಬೇರೆ ದಾರಿ ಕಾಣದೆ ಬಲಗೈಯ ಬಟ್ಟೆ ಬಿಚ್ಚತೊಡಗಿದ. ಬಟ್ಟೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಕೊನೆಗೆ ಒಂದು ಗೀರೂ ಇಲ್ಲದ, ಗುಂಡುಗುಂಡಾದ, ಆರೋಗ್ಯವಂತ ಕೈ ಹೊರಗೆ ಬಂತು.

"ಓಹೋ! ವಾಸಿಯಾಯ್ತಲ್ಲ!" ಎಂದ ಫೋರ್‌ಮನ್.

"ನನ್ನ ಕೈತುತ್ತಿನ ಗುಣ," ಎಂದಳು ಸ್ಟೋರ್ ಅಕ್ಕ.

ಅವನು ಸಹಿ ಹಾಕಿ ಸರ್ಟಿಫಿಕೇಟು ಜೇಬಿಗೆ ಸೇರಿಸುವ ಮೊದಲೇ ಎರಡು ಫಾರಂಗಳು ಪೆನ್ನಿನ ಕೆಳಗೆ ಬಂದು ಬಿದ್ದವು. ಬಾಗಿಲಿಗೆ ಫೋರ್‌ಮನ್ ಅಡ್ಡ ನಿಂತ. "ಸರ್ಟಿಫಿಕೇಟ್ ಸಿಕ್ತಲ್ಲ, ಇನ್ನೇನು ಅಡ್ಡಿ? ಇವತ್ತು ನನಗೆ, ನಾಳೆ ಆ ಯಮ್ಮಂಗೆ ಏನಾದ್ರೂ ಮಾಡೋಣ." "ಅದ್ಯಾಕೆ? ಇವತ್ತು ನನಗೆ!" ಆಗ್ಲಿ ಬೆವತುಹೋದ. ಎಲ್ಲಾ ನೆಪ ಮುಗಿದಿತ್ತು. ತುಟಿ ತಾನಾಗಿಯೇ ಅಗಲವಾಯಿತು, 'ಆ' ಹೊರಟೇಬಿಟ್ಟಿತು.

"ಆ... ಆ... ಆ ಷೇರು ಹಣದ ಮೇಲೆ ನನಗೇ ಒಂದು ಸಾಲ ಕೊಡಿ!"

ಅದನ್ನು ತಾನೇ ಹೇಳಿದೆನೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. ಸದಸ್ಯನಾಗುವಾಗ ಸೊಸೈಟಿಯಲ್ಲಿ ಇಟ್ಟ ಸ್ವಂತ ಷೇರು ಹಣದ ಮೇಲೆ ಸಾಲ ತೆಗೆಯಲು ಯಾರ ಜಾಮೀನೂ ಬೇಕಿರಲಿಲ್ಲ. ಸಾಲ ಇದ್ದವನು ಜಾಮೀನಿಗೆ ಅರ್ಹನಲ್ಲ. ಗುಮಾಸ್ತ ಅವನನ್ನು ಮೇಲಿನಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು, ಕೊಡಬಹುದಾದ ಅತಿ ಸಣ್ಣ ಮೊತ್ತವನ್ನು ಎಣಿಸಿಕೊಟ್ಟ. ಬೆಳಗ್ಗೆ ಇವನೇ ಕಟ್ಟಿದ್ದ ನೋಟುಗಳವು. ಒಂದರ ಮೂಲೆಗೆ ಇವನ ಮಗಳು ಅಂಟಿಸಿದ್ದ ಗಮ್‌ಟೇಪ್ ಹಾಗೇ ಇತ್ತು. ಆಮೇಲೆ ಗುಮಾಸ್ತ ಹೊರಗೆ ಹೋಗಿ ಹಲಗೆ ಒರೆಸಿದ.

"ಎಂಥ ಮನುಷ್ಯನಯ್ಯಾ ನೀನು!" ಎಂದ ಫೋರ್‌ಮನ್. ಸ್ಟೋರ್ ಅಕ್ಕ, "ನನ್ನ ಅನ್ನ ವಾಪಸ್ ಕೊಡು," ಅಂದಳು. ಅನ್ನ ಇವನದೇ ಆಗಿತ್ತು, ಆದರೆ ಅದನ್ನು ಹೇಳುವ ಧೈರ್ಯ ಇವನಿಗೆ ಬರಲಿಲ್ಲ.

ಎಡಗೈಯ ಬಟ್ಟೆಯನ್ನೂ ಬಿಚ್ಚಿ ಎಸೆದು, ನೋಟುಗಳನ್ನು ಖಾಲಿ ಡಬ್ಬಿಯೊಳಗೆ ಅಡಗಿಸಿಟ್ಟು ಮನೆಕಡೆ ನಡೆದ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಈ ಸಾಲ ತೀರಿಸಿದ ದಿನ ಹೆಸರು ಮತ್ತೆ ಹಲಗೆ ಏರುತ್ತದೆ. ಆದ್ದರಿಂದ ತೀರಿಸುವ ಹಾಗಿಲ್ಲ. ತೀರದ ಹಾಗೆ ಸ್ವಲ್ಪ ಸ್ವಲ್ಪವೇ ಕಟ್ಟುತ್ತಾ ಇರಬೇಕು. ಸಾಲದ ಕಾಟವಿಲ್ಲದೆ ಬದುಕಬೇಕಾದರೆ ನಿವೃತ್ತಿಯಾಗುವ ತನಕ ಸಾಲಗಾರನಾಗಿಯೇ ಇರಬೇಕು. ಇರಲಿ, ಹೆಂಡತಿಗೆ ಗೊತ್ತಾಗದಿದ್ದರೆ ಸಾಕು.

ಅವಳು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು, ಮತ್ತೆ ಓದಿದಳು. "ಯಾರಿಗೂ ಹಾಕ್ಲಿಲ್ಲ ತಾನೇ?"

"ಯಾರಿಗೂ ಇಲ್ಲ ಕಣೇ. ನಿನ್ನಾಣೆ."

"ನನ್ನ ತಮ್ಮಂಗೆ?"

"ಅವನಿಗೂ ಇಲ್ಲ."

ಅವಳು ಅತ್ತಳು. ಅತ್ತುಕೊಂಡೇ ಫ್ರೇಮಿಗೆ ಹಾಕಿದಳು, ಸ್ಟೂಲ್ ಹತ್ತಿ ಮೊಳೆಗೆ ತೂಗಿದಳು. ಮಗಳು ಚಪ್ಪಾಳೆ ತಟ್ಟಿದಳು. ನಮ್ಮ ಆಗ್ಲಿ, ಈ ಖುಷಿಗೆ ಡಬ್ಬಿಯೊಳಗಿನದ್ದು ಏನು ಮಹಾ ಎಂದು ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ಬಾಗಿಲ ಮುಂದೆ ಗುಡುಗುಡು ಸದ್ದು. ಹೊರಗೆ ಬಂದರೆ ಭಾಮೈದ, ಮೋಟರ್ ಬೈಕಿನ ಮೇಲೆ, ಮೂವತ್ತೆರಡು ಹಲ್ಲೂ ಬಿಟ್ಟುಕೊಂಡು.

"ನೋಡಿದ್ರಾ ರೀ!" ಎಂದಳು ಹೆಂಡತಿ ಹೆಮ್ಮೆಯಿಂದ. "ಯಾರ ಜಾಮೀನೂ ಇಲ್ಲದೆ ಗಾಡಿ ತಗೊಂಡ ನನ್ನ ತಮ್ಮ!"

"ಎಲ್ಲಾ ಭಾವನ ದಯ ಅಕ್ಕಾ. ಮಧ್ಯಾಹ್ನ ಗೇಟಿಗೆ ಒಬ್ರು ಬಂದಿದ್ರು. ಯಾರೋ ಮೀಸೆಯಂತೆ. ಮೀಸೆ ಮಾತ್ರ ಇರ್ಲಿಲ್ಲ."

ಆಗ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಆರು ವರ್ಷದ ಹಿಂದೆ ಅವರ ಸಾಲ ಭಾವ ಹೊತ್ತುಕೊಂಡ್ರು ಅಂತ ಹೇಳಿ ಅತ್ತುಬಿಟ್ರು ಅಕ್ಕಾ. ಅಷ್ಟನ್ನೂ ಬಡ್ಡಿ ಸೇರಿಸಿ ತಂದಿದ್ರು, ಚೀಲದ ತುಂಬಾ! ಹಣ ಮುಟ್ಟಿತು ಅಂತ ಭಾವನ ಕೈಲಿ ಒಂದು ಸಹಿ ಹಾಕಿಸ್ಕೊಂಡು ಹೋಗದಿದ್ರೆ ಅವರ ಹೆಂಡತಿ ಮನೆಯೊಳಗೆ ಸೇರಿಸಲ್ಲವಂತೆ. ಭಾವ ತಾರಸಿ ಮೇಲಿಂದಲೇ, ಇವನ ಕೈಗೆ ಕೊಟ್ರೆ ನನಗೆ ಕೊಟ್ಟ ಹಾಗೆ ಅಂದ್ಬಿಟ್ರು. ಎಲ್ಲಾ ನೀನೇ ನೋಡ್ಕೋ ಅಂತ ನನಗೂ ಮೊದಲೇ ಹೇಳಿದ್ರಲ್ಲ. ಸಹಿ ಹಾಕ್ಕೊಟ್ಟೆ. ಪಾಪ, ಸಾಲದಿಂದ ಬಿಡುಗಡೆ ಆಯ್ತು ಅಂತ ಕುಣೀತಾ ಹೋದ್ರು. ಆಮೇಲೆ ಯೋಚನೆ ಮಾಡಿದೆ. ಸೊಸೈಟಿ ಸಾಲ ಯಾಕೆ, ಜಾಮೀನು ಯಾಕೆ? ಭಾವನ ದುಡ್ಡೇ ಸಾಲ ತಗೊಂಡ್ರೆ ಆಯ್ತಲ್ಲ! ಸ್ವಲ್ಪ ಸ್ವಲ್ಪ ತೀರಿಸ್ತೀನಿ ಭಾವ. ನಿಮ್ಮ ಹತ್ರ ಏನು ಅವಸರ?"

ಹೆಂಡತಿ ಅವನ ಕಡೆ ತಿರುಗಿದಳು. ಅವಳ ಕೈಯಲ್ಲಿ ತೊಳೆಯಲು ಎತ್ತಿಕೊಂಡಿದ್ದ ಡಬ್ಬಿ ಇತ್ತು. ಏನು ಹೇಳಬೇಕೋ ತಿಳಿಯದೆ, ಕೈ ಸುಮ್ಮನಿರದೆ, ಅದರ ಮುಚ್ಚಳ ತಿರುಗಿಸಿದಳು. ನೋಟುಗಳು ಹೊಸ್ತಿಲ ಮೇಲೆ ಉದುರಿದವು.

"ಇದೇನು ರೀ ಇದು?"

ನಮ್ಮ ಆಗ್ಲಿ ಗೋಡೆಯ ಮೇಲಿನ ಫ್ರೇಮು ನೋಡಿದ. ಬಾಗಿಲಲ್ಲಿದ್ದ ಬೈಕು ನೋಡಿದ.

ಭಾಮೈದ ಬಗ್ಗಿ ಗಮ್‌ಟೇಪ್ ಹಚ್ಚಿದ ನೋಟನ್ನು ಮೊದಲು ಎತ್ತಿಕೊಂಡ. ಆಮೇಲೆ ಉಳಿದವನ್ನೂ ಒಟ್ಟುಗೂಡಿಸಿದ. "ನಾನು ಕೇಳಬೇಕು ಅಂತಲೇ ಇದ್ದೆ! ಪೆಟ್ರೋಲಿಗೂ ಎತ್ತಿಟ್ಟಿದ್ದೀರಾ? ಇದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ತಗೊಳ್ಳಲಾ ಭಾವ?"

"ಆಗ್ಲಿ," ಅಂದ.